ಕುರ್ಚಿಯ ಮೇಲೆ ಕಂಬಳಿ

ಕಡೂರಿನ ತಾಲ್ಲೂಕು ಬೋರ್ಡಿನಲ್ಲಿ
ಇಪ್ಪತ್ತೊಂಬತ್ತು ವರ್ಷ ದಫೇದಾರ ನಾನು.
ಏಳು ಮಂದಿ ಅಧ್ಯಕ್ಷರಿಗೆ ಬಾಗಿಲು ತೆಗೆದೆ.
ಆರು ಮಂದಿ ಕುರ್ಚಿ ಕಂಡೊಡನೆ ಕೂತರು.
ಇವರು ಕೂರಲಿಲ್ಲ.

"ಗದ್ದಿಗೆಗೆ ಕಂಬಳಿ ಎಲ್ಲಿ?" ಅಂದರು
ಹಿರೇಗಡಿ ಪಾಳೆಪಟ್ಟಿನ ಚಿಕ್ಕಬಿಲ್ಲಪ್ಪ ನಾಯಕರು,
ಬರಿಗಾಲು, ರುಮಾಲು, ಸೊಂಟದಲ್ಲಿ ಬೆಳ್ಳಿ ಮುದ್ರೆ.
ಬೀರೂರು ಸಂತೆಗೆ ಓಡಿ ಕರಿಯದೊಂದು ತಂದೆ
(ಅದರ ಬಿಲ್ಲು ಇವತ್ತಿಗೂ ಪಾಸಾಗಿಲ್ಲ).
ಹಾಸಿದೆ. ಕೂತರು. ಕುರ್ಚಿ ತಿರುಗಿತು,
ಕಂಬಳಿಯ ಅಂಚು ಗಾಲಿಗೆ ಸಿಕ್ಕಿಕೊಂಡಿತು.
ಪ್ರತಿ ಮೀಟಿಂಗಿನ ನಡುವೆ
ಮೇಜಿನಡಿ ತೂರಿ ಬಿಡಿಸುವುದು ನನ್ನ ಕೆಲಸ.

ಕಂಬಳಿಗೆ ಮೈಲಿಗೆಯಿಲ್ಲ, ನನ್ನ ಕೈಯಿಂದ ಆಗುತ್ತಿತ್ತು.
ನೀರು ಆಗುತ್ತಿರಲಿಲ್ಲ.
ಲೋಟ ಹಿಡಿದು ಗುಮಾಸ್ತ ಪಂಚಾಕ್ಷರಿಯೇ ಬರಬೇಕು.

ಓಟು ಕೇಳಿ ಬಂದವರಲ್ಲ.
ಹಿರೇಗಡಿಯಲ್ಲಿ ಪಟ್ಟದ ಹುಡುಗನಿಗೆ ಆಗ ಹದಿಮೂರು;
ಅವನ ಹೆಸರಲ್ಲಿ ಬೀಗದ ಕೈ ಅಜ್ಜಿ ಹೊನ್ನಾಜಮ್ಮನ ಸೆರಗಿನಲ್ಲಿ.
ಹಿಂದಿನ ಅಧ್ಯಕ್ಷ, ವಕೀಲ ತಿಪ್ಪೇಶಿ, ಅವಳ ಕಡೆಯವನು.
ಕಟ್ಟೆಮನೆಯ ಹಿರಿಯರು ಒಂದು ರಾತ್ರಿ ಕೂತು ವೀಳ್ಯ ತಿರುಗಿಸಿದರು.
ಬೆಳಗಾಗುವಾಗ ಹನ್ನೊಂದು ಮೆಂಬರ ರುಜುವಿನ ಕಾಗದ,
ಮಧ್ಯಾಹ್ನಕ್ಕೆ ನಾಯಕರು.

"ಪಾರ್ಟಿ ಅಂದರೆ ಒಂದು ಮನೆಗೆ ಎರಡು ಒಲೆ,"
ಮೊದಲ ಭಾಷಣ ಅಷ್ಟೇ. ಜನ ಮುಂದಿನ ಮಾತಿಗೆ ಕಾದರು.

ಚೆಕ್ಕಿಗೆ ಮುದ್ರೆ ಒತ್ತಿ ಕಳಿಸಿದರು;
ಖಜಾನೆಯವರು ವಾಪಸ್ ಕಳಿಸಿದರು.
ಪಂಚಾಕ್ಷರಿ ಹಿಂದಿನ ಕೋಣೆಯಲ್ಲಿ ರುಜು ಕಲಿಸಿದ,
ಹಳೇ ಟಪಾಲಿನ ಬೆನ್ನ ಮೇಲೆ, ಹದಿನೈದು ದಿನ.

ಸುಳ್ಳು ಯಾಕೆ ಹೇಳಲಿ, ಕೆರೆ ಗೊತ್ತಿತ್ತು ಅವರಿಗೆ.
ಇಂಜಿನಿಯರು ನಕ್ಷೆ ಹರವಿದರೆ ಕಣ್ಣು ಮುಚ್ಚಿ
"ತೂಬು ಅಲ್ಲಿಲ್ಲ, ಹುಣಸೆಯ ಎಡಕ್ಕೆ" ಅನ್ನುವರು.
ಹೋಗಿ ಅಗೆದರೆ ಎಡಕ್ಕೇ ಇರುತ್ತಿತ್ತು.
ಆ ಎರಡು ವರ್ಷ ತೂಬಿನ ಜಗಳಕ್ಕೆ
ಪೊಲೀಸರು ಬಂದದ್ದು ನಾನು ಕಾಣೆ.

ಅದೇ ಬಾಯಿ ಹಾಲೇಶ ಮೇಷ್ಟ್ರನ್ನು ಗಡಿಯಾಚೆ ವರ್ಗ ಮಾಡಿಸಿತು,
ನಮ್ಮ ಕೇರಿ ಹುಡುಗರನ್ನು
ಮುಂದಿನ ಸಾಲಲ್ಲಿ ಕೂರಿಸಿದ್ದಕ್ಕೆ.
ಕಲಿತ ರುಜು ಆ ಹೊತ್ತಿಗೆ ದುಂಡಗಾಗಿತ್ತು.
ಆ ಆರ್ಡರನ್ನು ಮೇಷ್ಟ್ರ ಮನೆಗೆ ಒಯ್ದವನು ನಾನೇ.

ಒಂದು ಅಮಾವಾಸ್ಯೆ ಹೊನ್ನಾಜಮ್ಮನ ಸೆರಗಿನಿಂದ ಬೀಗದ ಕೈ ಬಿಚ್ಚಿಸಿದರು.
ಮುದುಕಿ ಅಳಲಿಲ್ಲವಂತೆ.
"ಹುಡುಗ ಬೆಳೀತಾನೆ" ಅಂದಳಂತೆ.

ಬೆಳೆದ.
ಪಟ್ಟವಾದ ಎಂಟನೇ ದಿನ ಮತ್ತೆ ವೀಳ್ಯ ತಿರುಗಿತು,
ಈ ಸಲ ನಾಯಕರ ಮನೆ ಬಿಟ್ಟು.
ಬೋರ್ಡಿನಲ್ಲಿ ಅವೇ ಹನ್ನೊಂದು ಕೈ ಮೇಲೆದ್ದವು.
ನಾಯಕರು ಒಂದೊಂದೇ ಕೈ ನೋಡಿದರು.
"ಕೈ ಎತ್ತೋದು ಆಣೆಗೆ ಅಂದುಕೊಂಡಿದ್ದೆ."
ಎದ್ದರು. ಕಂಬಳಿ ಗಾಲಿಗೆ ಸಿಕ್ಕಿತ್ತು.
ನಾನು ಬಗ್ಗುವ ಮೊದಲೇ ಹೊರಟುಹೋಗಿದ್ದರು.

ಮುಂದೆ ಬೀಗದ ಕೈಯ ಕೇಸು.
ಕೋರ್ಟಿನ ಜವಾನ ಬಾಗಿಲಲ್ಲಿ ಕೂಗಿದ:
ಬಿಲ್ಲಪ್ಪಾ... ಬಿಲ್ಲಪ್ಪಾ...
ಚಿಕ್ಕ ಇಲ್ಲ, ನಾಯಕ ಇಲ್ಲ, ಹಿರೇಗಡಿ ಇಲ್ಲ.
ಅವರು ಬೇವಿನ ನೆರಳಲ್ಲಿ ಕೂತೇ ಇದ್ದರು;
ಯಾರನ್ನೋ ಕರೆಯುತ್ತಿದ್ದಾರೆ ಅಂದುಕೊಂಡು
ಆ ಯಾರಿಗೋ ದಾರಿ ಬಿಡಲು ಕಾಲು ಮಡಚಿಕೊಂಡರು.
ಮೂರನೇ ಕೂಗಿಗೆ ನಾನೇ ಹೋಗಿ, "ಬುದ್ಧೀ, ನಿಮ್ಮನ್ನೇ" ಅಂದೆ.

ಹೊನ್ನಾಜಮ್ಮ ಎತ್ತಿನ ಗಾಡಿಯಲ್ಲಿ ಬಂದು
"ಬೀಗ ನಮ್ದು, ಜಗಳ ನಮ್ದು" ಅಂತ ಕೇಸು ಬಿಡಿಸಿದಳು.
ಹೋಗುವಾಗ ಅವರ ಮುಖ ನೋಡಲಿಲ್ಲ.

ನಾನು ನಿವೃತ್ತನಾದ ಮೇಲೆ, ಒಂದು ಚೈತ್ರದಲ್ಲಿ,
ನಮ್ಮ ಕೇರಿಯ ಬಾಯಲ್ಲಿ ರುಮಾಲು ಕಂಡಿತು.
"ಆ ಕಂಬಳಿ ಇದೆಯೇನಪ್ಪಾ?"
"ಇದೆ ಬುದ್ಧೀ."
ಬೆವರುತ್ತಿದ್ದರು. ತುಟಿ ಒಣಗಿತ್ತು.
ಜಗಲಿಯ ಮೇಲೆ ತುಂಬಿದ ಚೊಂಬಿತ್ತು.
ನಾನು ಕುಡಿಯಿರಿ ಅನ್ನಲಿಲ್ಲ. ಅವರು ಕೊಡು ಅನ್ನಲಿಲ್ಲ.
ಒಳಗೆ ಹೋಗಿ ಕಂಬಳಿ ಹುಡುಕಿದೆ,
ಕೈಗೆ ಸಿಕ್ಕ ಮೇಲೂ ಒಂದಿಷ್ಟು ಹೊತ್ತು.

ಈಚೆ ಬಂದಾಗ
ಚೊಂಬಿನಲ್ಲಿ ನೀರು ಎಷ್ಟಿತ್ತೆಂದು
ಹೆಂಡತಿ ಕೇಳಿದರೂ ನಾನು ಹೇಳಿಲ್ಲ.